ಹೊಳಿಯಮ್ಮ ಹೇಳದ ಹೆಸರು

ಅವತ್ತು ಮುಂಜಾನೆ ಮಂಜು ಕವುಚಿಕೊಂಡು ಬಿದ್ದಿತ್ತು. ದಾರಿಯ ಎರಡೂ ಮಗ್ಗುಲಿಗೆ ಎದೆಮಟ ನಿಂತ ಬಿಳಿಜೋಳ ಇದ್ದೂ ಇಲ್ಲದ ಹಾಗೆ ಇತ್ತು. ತೆನೆಯಿಂದ ತೊಟ್ಟಿಕ್ಕುವ ಹನಿಯ ಸಪ್ಪಳ ಮಾತ್ರ ಮಳೆ ಬಂದು ನಿಂತಂತೆ ಕೇಳುತ್ತಿತ್ತು. ಕೋಳಿ ಕೂಗುವಾಗ ಪೇಟೆಯ ದವಾಖಾನೆ ಬಿಟ್ಟ ಓಬಳೆಪ್ಪ ಮೂರು ಹರದಾರಿ ಓಡಿದ್ದ. ತಳಕಲ್ ದಾಟಿದ ಮೇಲೆ ಮುಂದೆ, ಬೇವೂರಿನ ಕಡೆ ಸಾಗುತ್ತಿದ್ದ ಎತ್ತಿನ ಕೊರಳ ಗೆಜ್ಜೆ ಮಂಜಿನೊಳಗೆ ಕೇಳಿತು. ಹಿಂದೆಯೇ ಕುದುರೆಯ ಕೆನೆತ. ಹುಲಿಗೆಮ್ಮ ತಾಯಿ ತನ್ನ ಕಾಲನ್ನು ಸರಿಯಾದ ದಾರಿಗೆ ಹಚ್ಚಿದ್ದಾಳೆ ಅಂದುಕೊಂಡ.

"ಯಾವನಲೇ ಅಂವ, ಹುಚ್ಚನಾಯಿ ಬಂದಂಗ ಹಿಂದಿಂದ ಮೈಮ್ಯಾಲ ಬರಾಕತ್ತಾನ? ನಿಂದ್ರಲೇ ಬೋಸುಡಿಮಗನ!"

ಬಂಡಿಯಲ್ಲಿ ಕುಳಿತಿದ್ದ ದೇವೇಂದ್ರಪ್ಪ ಗೌಡನ ದನಿ ಅದು. ಓಬಳೆಪ್ಪ ಹತ್ತು ಮಾರು ದೂರದಲ್ಲೇ ನಿಂತು ತಲೆಯ ವಸ್ತ್ರ ತೆಗೆದು ಸೊಂಟಕ್ಕೆ ಸುತ್ತಿಕೊಂಡ. ಬಂಡಿಯ ಪಕ್ಕದಲ್ಲಿ ಕಂದಾಯ ನೋಡುವ ಗಿರ್ದಾವರ ಸಾಹೇಬರ ಕುದುರೆ. ಅದರ ಹಿಂದೆ ಬಿಟ್ಟಿಗೆ ಹಿಡಿದ ಕೇರಿಯ ನಾಲ್ವರು. ಒಬ್ಬನ ತಲೆಯ ಮೇಲೆ ಡೇರೆಯ ಸುರುಳಿ, ಒಬ್ಬನದರ ಮೇಲೆ ಹಾಸಿಗೆ, ಇನ್ನೊಬ್ಬನದರ ಮೇಲೆ ಕೋಳಿಯ ಪಂಜರ. ಕಡೆಯವನ ತಲೆಯ ಮೇಲೆ ಕಬ್ಬಿಣದ ಪಟ್ಟಿ ಬಡಿದ ದಫ್ತರದ ಪೆಟ್ಟಿಗೆ. ಗೌಡನೊಬ್ಬನ ಹೊರತು ಬಂಡಿ ಖಾಲಿ ಇತ್ತು. ಸಾಮಾನು ಹೇರಿದರೆ ಗೌಡನ ಎತ್ತುಗಳು ದಣಿಯುತ್ತವೆ.

ಪೆಟ್ಟಿಗೆ ಹೊತ್ತವನು ಕಾಳಪ್ಪ, ಓಬಳೆಪ್ಪನ ಅಕ್ಕ ಹೊಳಿಯಮ್ಮನ ಗಂಡ. ನಾಲ್ಕು ದಿನದಿಂದ ಸಾಹೇಬರ ಸವಾರಿಯ ಹಿಂದೆ ಊರೂರು ತಿರುಗುತ್ತಿದ್ದ. ಮನೆಯಲ್ಲಿ ಮಗ ಹಂಪ್ಯಾ ಕೆಮ್ಮುತ್ತಿದ್ದುದಷ್ಟೇ ಅವನಿಗೆ ಗೊತ್ತಿತ್ತು.

"ನಾನ್ರೀ ಎಪ್ಪಾ, ಕೇರಿ ಓಬಳೆಪ್ಪ. ಮಾವನ ಕರಿಯಾಕ ಬಂದೀನ್ರಿ. ಕೂಸಿಗಿ ಗಂಟಲಮಾರಿ ಆಗೇತ್ರಿ. ದವಾಖಾನ್ಯಾಗ ಹಾಕೀವಿ. ಡಾಕ್ಟರ್ ಸಾಹೇಬ್ರು ಗಂಟಲ ಕೊಯ್ದು ನಳಿಗಿ ಇಡತೀನಿ ಅಂದಾರ. ಅದಕ ಹಡದಪ್ಪನ ಹೆಬ್ಬಟ್ಟು ಬೇಕಂತ್ರಿ. ಹೊತ್ತು ನೆತ್ತಿಗಿ ಬರೂದ್ರಾಗ ಒತ್ತಲಿಲ್ಲಂದ್ರ ಕೂಸು ದಕ್ಕೂದಿಲ್ಲಂತ."

ಪೆಟ್ಟಿಗೆ ಅಲುಗಿತು. ಅದನ್ನು ಹೊತ್ತವನು ಕತ್ತು ತಿರುಗಿಸುವಂತಿರಲಿಲ್ಲ. ನೆಟ್ಟಗೆ ಮುಂದೆ ನೋಡುತ್ತಲೇ ಕಾಳಪ್ಪ ಕೇಳಿದ:

"ಓಬಳ್ಯಾ, ಮಾತಾಡ್ತೈತೇನ?"

"ಇಲ್ಲ ಮಾವ. ಉಸರು ಎಳಿಯೂದು ಕೇಳಸ್ತೈತಿ. ಬಾಗಲತನಕ ಕೇಳಸ್ತೈತಿ."

"ಕ್ಯಾ ಬೋಲ್ತಾ ಹೈ?" ಎಂದರು ಗಿರ್ದಾವರರು, ಬಾಯೊಳಗಿನ ಅಡಕೆಯನ್ನು ಆಚೆ ದವಡೆಗೆ ಸರಿಸಿ.

"ಏನಿಲ್ರಿ ಸಾಹೇಬ್ರ, ಬಿಟ್ಟಿ ತಪ್ಪಿಸಾಕ ನೆವ. ಈ ಮಂದಿದು ದಿನಾ ಇದ ಹಾಡು." ಗೌಡ ಓಬಳೆಪ್ಪನತ್ತ ತಿರುಗಿದ. "ಅಲ್ಲಲೇ, ಕೇರ್ಯಾಗ ವರ್ಷಾ ನಾಕು ಹುಟ್ತಾವ, ನಾಕು ಸಾಯ್ತಾವ. ಅದಕ್ಕಂತ ಸರ್ಕಾರದ ಸಾಮಾನು ದಾರ್ಯಾಗ ಇಳಸಬೇಕೇನು? ಕೂಸಿಗಿ ದವಾಖಾನಿ ಬ್ಯಾರೆ! ನಿಮ್ಮಪ್ಪ ಸತ್ತಾಗ ಯಾವ ಡಾಕ್ಟರ್ ಬಂದಿದ್ದನಲೇ?"

"ಆಳಿಗಿ ಆಳು ನಾ ಹೊರತೀನ್ರೀ ಎಪ್ಪಾ. ಬೇವೂರಿನತನಕ ಹೊರತೀನಿ. ಮಾವನ ಬಿಡ್ರಿ."

"ನನ್ನ ಕೇಳಬ್ಯಾಡ. ಸಾಹೇಬ್ರ ಕುದರಿ ಮುಂದ ಮೂಗು ತಿಕ್ಕಿ ಕೇಳು."

ಓಬಳೆಪ್ಪ ಹಸಿಮಣ್ಣಿಗೆ ಮೂಗು ಹಚ್ಚಿದ. ಕುದುರೆ ಕಾಲೆತ್ತಿ ಅವನ ಕಿವಿಯ ಹತ್ತಿರ ಇಟ್ಟಿತು. ಹಾಸಿಗೆ ಹೊತ್ತವನು ಕಣ್ಣು ಮುಚ್ಚಿಕೊಂಡ. ಸಾಹೇಬರು ನಕ್ಕು, ಹೋಗಲಿ ಅನ್ನುವಂತೆ ಕೈ ಆಡಿಸಿದರು.

ಪೆಟ್ಟಿಗೆ ಒಂದು ತಲೆಯಿಂದ ಇನ್ನೊಂದು ತಲೆಗೆ ಬಂತು. ಕಾಳಪ್ಪ ಪೇಟೆಯ ಕಡೆ ತಿರುಗಿ ಓಡಿದ. ಮಂಜಿನೊಳಗೆ ಅವನ ಬೆನ್ನು ಕರಗಿದ ಮೇಲೂ ಓಡುವ ಹೆಜ್ಜೆ ಸ್ವಲ್ಪ ಹೊತ್ತು ಕೇಳಿತು, ಆಮೇಲೆ ಅದೂ ಇಲ್ಲ. ಓಬಳೆಪ್ಪನ ಎದೆ ಕೊಂಚ ಸಡಿಲಾಯಿತು. ಮಾವ ಗಟ್ಟಿ ಕಾಲಿನವನು, ಹೊತ್ತು ಏರುವುದರೊಳಗೆ ಮುಟ್ಟುತ್ತಾನೆ.

ಪೆಟ್ಟಿಗೆಯ ಕೊಂಡಿ ಹಳೆಯದು. ಹೆಜ್ಜೆ ಇಟ್ಟಾಗಲೆಲ್ಲ ಕಿರ್ರ್ ಎನ್ನುತ್ತಿತ್ತು. ಥೇಟು ಹಂಪ್ಯಾ ಉಸಿರು ಎಳೆದುಕೊಂಡಂತೆ. ಇರುಳೆಲ್ಲ ಆ ಸಪ್ಪಳವನ್ನೇ ಕೇಳಿದ್ದ ಓಬಳೆಪ್ಪನಿಗೆ, ತಾನು ನಿಂತರೆ ಅಲ್ಲಿ ಅದು ನಿಂತೀತು ಎಂಬ ಅಂಜಿಕೆ ಹೊಕ್ಕಿತು. ನೆಗ್ಗಿಲುಮುಳ್ಳು ಚುಚ್ಚಿದರೂ ಕಾಲು ತಡೆಯದೆ ನಡೆದ.

ಅವನ ಮುಂದೆ ಡೇರೆ ಹೊತ್ತು ನಡೆಯುತ್ತಿದ್ದ ಮುದುಕ ಗ್ಯಾನಪ್ಪ ಅವನನ್ನು ಮಾತಿಗೆ ಎಳೆದ. ಅಂಜಿದವನನ್ನು ಸುಮ್ಮನೆ ಬಿಡಬಾರದು ಎಂಬುದು ಕೇರಿಯ ಹಿರಿಯರಿಗೆಲ್ಲ ಗೊತ್ತು.

"ಸಾಹೇಬ್ರ ಕೋಳಿ ನೋಡಲೇ ಓಬಳ್ಯಾ. ನಮಕ್ಕಿಂತ ದೊಡ್ಡ ಮಂದಿ ಅವು. ಹೊರಾಕ ಆಳು ಅದಾವ, ಕುಂತು ಹೊಂಟಾವ."

"ರಾತ್ರಿಗಿ ಕೊಯ್ತಾರಲ್ಲ ಕಾಕಾ."

"ಕೊಯ್ಲಿ ಬಿಡು. ದಿನಾ ಹೊರೂದಕ್ಕಿಂತ ಒಮ್ಮೆ ಕೊಯ್ಯೂದು ಛಲೋ." ಗ್ಯಾನಪ್ಪ ತಾನೇ ಕೆಮ್ಮಿ ತಾನೇ ನಕ್ಕ. "ಹೊಳಿಯವ್ವ ಉಂಡಾಳೇನು?"

"ಎಲ್ಲಿ ಉಣತಾಳ. ಕೇರಿಯಿಂದ ದಿನಾ ಒಬ್ಬರು ರೊಟ್ಟಿ ತರತಾರ, ಗಂಟು ಬಿಚ್ಚದ ಇಡತಾಳ. ನಮ್ಮನ್ನ ಪಡಸಾಲಿ ಮೂಲ್ಯಾಗ ಹಾಕ್ಯಾರ. ಬಾವಿ ಮುಟ್ಟೂಹಂಗಿಲ್ಲ. ಮೈಮುನಬಿ ಅಂತ ಆಯಾ ಅದಾಳ, ಪುಣ್ಯಾತಗಿತ್ತಿ, ಯಾರೂ ನೋಡದಾಗ ಕೊಡ ತುಂಬಿ ತಂದು ನಮ್ಮ ಗಡಿಗಿಗಿ ಸುರುವಿ ಹೋಗತಾಳ. ಕೂಸಿನ ಹಣಿ ಮುಟ್ಟಿ ಏನೋ ಓದತಾಳ. ಇವತ್ತು ಡಾಕ್ಟರ್ ಕೇಳಿದ ಮ್ಯಾಲ ಆಕೀನ ನನಗ ಓಡು ಅಂದ್ಲು."

"ಅಲ್ಲೋ, ಒಂದು ಮಾತು ಕೇಳತೀನಿ. ದವಾಖಾನ್ಯಾಗ ಹೆಸರು ಬರಸೂದು ಇರತೈತಲ್ಲ, ಹೆಂಗ ಬರಸಿದ್ರಿ? ನಿಮ್ಮಕ್ಕ ಗಂಡನ ಹೆಸರು ಹೇಳಾಕಿ ಅಲ್ಲ. ಅವನ ಹೆಸರಿನ್ಯಾಗ ಐತಂತ ಜ್ವಾಳದ ಕಾಳಿಗಿ ಸೈತ 'ಮುತ್ತು' ಅಂತಾಳ!"

ಮುಂದಿದ್ದ ಇಬ್ಬರೂ ಕಿಸಕ್ಕನೆ ನಕ್ಕರು. ಓಬಳೆಪ್ಪನೂ ನಗಲೆಂದು ಬಾಯಿ ತೆರೆದ.

"ಹೇಳಲಿಲ್ಲ ಕಾಕಾ. ಗುಮಾಸ್ತ ಮೂರು ಸಲ ಕೇಳಿದ, 'ಇದರ ಅಪ್ಪನ ಹೆಸರೇನು' ಅಂತ. ಅಕ್ಕ ಸೆರಗು ಮಾರಿಗಿ ಎಳಕೊಂಡ್ಲು. 'ಯಾಕಬೇ, ಯಾರಿಗಿ ಹುಟ್ಟೇತಂತ ನಿನಗೂ ಗೊತ್ತಿಲ್ಲೇನು' ಅಂದ ಹಲ್ಕಟ್. ನನ್ನ ಕೈಯಾಗ ಕೂಸಿತ್ತು, ಅದು ನೀಲಿ ಆಗಾಕತ್ತಿತ್ತು. 'ನಿನ್ನ ಹೆಸರೇನಲೇ' ಅಂದ. ಓಬಳೆಪ್ಪ ಅಂದೆ. ಬರಕೊಂಡ."

ಹೇಳಿ ಮುಗಿಸಿದವನ ಬಾಯಿ ಹಾಗೇ ನಿಂತುಬಿಟ್ಟಿತು.

ಎರಡು ದಿನದಿಂದ ಗುಮಾಸ್ತ ಔಷಧಕ್ಕೆ ಕೂಗುವಾಗ 'ಓಬಳೆಪ್ಪನ ಮಗ' ಎಂದೇ ಕೂಗುತ್ತಿದ್ದ. ಕೂಸನ್ನು ತಂದವನು ತಾನಲ್ಲವೇ, ಅದಕ್ಕೆ ಹಾಗನ್ನುತ್ತಾನೆ ಎಂದುಕೊಂಡು ಓಬಳೆಪ್ಪ ಎದ್ದು ಹೋಗಿ ತರುತ್ತಿದ್ದ. ಬುಕ್ಕಿನಲ್ಲಿ ಬರೆದದ್ದು ಉರ್ದು. ಅಲ್ಲಿ ಏನು ಬರೆದಿದೆ ಎಂದು ಓದಿ ಹೇಳಿದವರಿಲ್ಲ, ಕೇಳುವ ಎದೆ ಇವರಿಗೂ ಇಲ್ಲ. ಇವತ್ತು ನಸುಕಿನಲ್ಲಿ ಡಾಕ್ಟರರು ಬುಕ್ಕು ನೋಡದೆ, ಇದರ ತಂದೆ ಎಲ್ಲಿ ಎಂದು ಕೇಳಿದಾಗ, ಬಿಟ್ಟಿಗೆ ಹೋಗಿದ್ದಾನೆ, ಕರೆತರುತ್ತೇನೆ ಎಂದು ಓಡಿಬಂದವನು ತಾನೇ.

ನಿನ್ನೆಯ ಸಂಗತಿ ನೆನಪಾಯಿತು. ಯಾರೋ ಒಬ್ಬ ಸತ್ತ ತಮ್ಮನ ಹೆಣ ಒಯ್ಯಲು ಬಂದಿದ್ದ. ಬುಕ್ಕಿನಲ್ಲಿದ್ದ ಹೆಸರೇ ಬೇರೆ, ಅವನು ಹೇಳಿದ ಹೆಸರೇ ಬೇರೆ. ಒಂದು ಮನೆಯಲ್ಲಿ ಕರೆಯುವುದು, ಇನ್ನೊಂದು ದೇವರ ಮುಂದೆ ಇಟ್ಟದ್ದು. ಅವನು ನೆಲಕ್ಕೆ ಹಣೆ ಬಡಿದುಕೊಂಡು ಅತ್ತಿದ್ದ. ಗುಮಾಸ್ತ ಬುಕ್ಕಿನ ಮೇಲೆ ಬೆರಳು ಕುಟ್ಟಿ, "ಇದರಾಗ ಏನೈತಿ ಅದು ಖರೆ. ನೀ ಖರೆ ಅಲ್ಲ" ಎಂದಿದ್ದ. ಹೊತ್ತು ಮುಳುಗುವ ತನಕ ಹೆಣ ಬಿಸಿಲಲ್ಲೇ ಇತ್ತು.

ಈಗ ಕಾಳಪ್ಪ ಏದುಸಿರು ಬಿಡುತ್ತ ಹೋಗಿ ಹೆಬ್ಬಟ್ಟು ಚಾಚುತ್ತಾನೆ. ಗುಮಾಸ್ತ ಬುಕ್ಕು ತೆರೆಯುತ್ತಾನೆ. ನೀನು ಕಾಳಪ್ಪನಾದರೆ ನಡಿ ಹೊರಗೆ, ಇದು ಓಬಳೆಪ್ಪನ ಮಗ ಎನ್ನುತ್ತಾನೆ. ಅಕ್ಕ ಏನು ಹೇಳಿಯಾಳು? ಸೆರಗು ಮುಖಕ್ಕೆ ಎಳೆದುಕೊಂಡು ನಿಂತಾಳು. ಗಂಡನೇ ಎದುರಿಗೆ ನಿಂತಾಗ ಅವನ ಹೆಸರು ಅವಳ ನಾಲಿಗೆಗೆ ಬಂದೀತೇ? ಬಂದರೂ ಅವಳ ಮಾತನ್ನು ನಂಬುವವರು ಯಾರು? ಹೊತ್ತು ನೆತ್ತಿಗೆ ಏರುತ್ತದೆ. ಹೆಬ್ಬಟ್ಟು ಒತ್ತಬೇಕಾದ ಬುಕ್ಕಿನ ಅಪ್ಪ ಇಲ್ಲಿ ಸಾಹೇಬರ ಪೆಟ್ಟಿಗೆ ಹೊತ್ತು, ದವಾಖಾನೆಗೆ ಬೆನ್ನು ಮಾಡಿ ನಡೆದಿದ್ದಾನೆ.

"ಕಾಕಾ," ಎಂದ ಓಬಳೆಪ್ಪ. "ಕಾಕಾ, ನಾನ ಕೂಸು ಕೊಂದ್ನಿ."

ಗ್ಯಾನಪ್ಪನಿಗೆ ಒಂದೊಂದೇ ಮಾತು ಹೇಳಿದ. ಮುದುಕನ ನಗು ಆರಿತು. ಡೇರೆಯ ಕೆಳಗಿಂದ ಅವನ ದನಿ ಬಹಳ ಸಣ್ಣಗೆ ಬಂತು.

"ಗೌಡನ್ನ ಕೇಳು."

"ಕೇಳಿದ್ರ ಬಿಡತಾನೇನು?"

"ಇಲ್ಲ."

ಬಿಡದೆ ಇದ್ದರೆ ಏನಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಹಿಂದಿನ ಸುಗ್ಗಿಯಲ್ಲಿ ಕೇರಿಯ ಲಕ್ಷ್ಮಣಪ್ಪ ಜ್ವರದಲ್ಲಿ ಹೊರೆ ಇಳಿಸಿ ಕುಳಿತನೆಂದು ಚಾವಡಿಯ ಬೇವಿನ ಮರಕ್ಕೆ ಕಟ್ಟಿ ಹಾಕಿದ್ದರು. ಮೂರನೆಯ ದಿನ ಅವನ ಗುಡಿಸಲಿನ ಹುಲ್ಲು ಕಿತ್ತು ಗೌಡನ ದನಕ್ಕೆ ಹಾಕಿದ್ದರು. ಆ ಮನುಷ್ಯ ಹೆಂಡತಿ ಮಕ್ಕಳ ಸಂಗಡ ಯಾವ ದಿಕ್ಕಿಗೆ ಹೋದನೋ ಇವತ್ತಿಗೂ ತಿಳಿದಿಲ್ಲ. ಓಬಳೆಪ್ಪನಿಗೆ ಗುಡಿಸಲಿತ್ತು. ಅದರೊಳಗೆ ಕಣ್ಣು ಕಾಣದ ತಾಯಿ ಇದ್ದಳು. ಇಷ್ಟೂ ಸಾಲದೆಂದು, ಹಡೆಯದ ಮಗನಿಗೆ ಅಪ್ಪನೆಂದು ಸರ್ಕಾರದ ಬುಕ್ಕಿನಲ್ಲಿ ಹೆಬ್ಬಟ್ಟು ಒತ್ತಬೇಕು. ಸುಳ್ಳು ಹೆಬ್ಬಟ್ಟು ಒತ್ತಿದವನಿಗೆ ಜೈಲು ಎಂದು ಎಲ್ಲರೂ ಹೇಳುವುದನ್ನು ಕೇಳಿದ್ದ.

ತಾಯೀ ಹುಲಿಗೆಮ್ಮ, ನನಗೆ ಅಂಜಿಕೆ ಬರುತ್ತಿದೆ, ಎಂದ ಮನಸ್ಸಿನಲ್ಲಿ. ಬೇರೆ ಏನನ್ನೂ ಬೇಡಲು ತಿಳಿಯಲಿಲ್ಲ.

ಮಂಜು ಹರಿಯತೊಡಗಿತ್ತು. ಜೋಳದ ತೆನೆಗಳ ಮೇಲೆ ಸೂರ್ಯ ಹಸಿ ಬೆಲ್ಲದ ಅಚ್ಚಿನ ಹಾಗೆ ಕಾಣಿಸಿದ. ಆಗಲೇ ಆಳುದ್ದ ಏರಿದ್ದ. ಓಬಳೆಪ್ಪನ ಕಾಲು ನಿಂತಿತು. ಕೊಂಡಿಯ ಕಿರ್ರ್ ಸಪ್ಪಳವೂ ನಿಂತಿತು.

"ಯಾಕಲೇ ನಿಂತಿ? ಕಾಲಿಗೇನು ಹಡದ ನೋವು ಬಂದೇತೇನು?" ಗೌಡ ಬಂಡಿಯಿಂದ ಬಾರುಕೋಲು ಎತ್ತಿ ಆಡಿಸಿದ. "ನಡಿಯಲೇ ಸೂಳಿಮಗನ!"

ಓಬಳೆಪ್ಪ ಸಾಲು ಬಿಟ್ಟು ಹೊರಗೆ ಬಂದ. ಮುಂದಿದ್ದ ಗ್ಯಾನಪ್ಪ ತಿರುಗಲಿಲ್ಲ. ಆದರೆ ತನ್ನ ಹೊರೆಯೊಂದಿಗೆ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು, ಬಂಡಿಗೂ ಅವನಿಗೂ ನಡುವೆ ಡೇರೆಯ ಸುರುಳಿಯನ್ನು ಅಡ್ಡ ಮಾಡಿದ. ಬಾರುಕೋಲು ಡೇರೆಗೆ ಬಡಿದು ಹೊಗೆಯಂತೆ ಧೂಳೆದ್ದಿತು.

ಓಬಳೆಪ್ಪ ನೇರ ಕುದುರೆಯ ಹತ್ತಿರ ಹೋದ. ಹತ್ತು ಮಾರು ದೂರ ನಿಲ್ಲಲಿಲ್ಲ. ಕುದುರೆಯ ಬೆವರು ಮೂಗಿಗೆ ಬಡಿಯುವಷ್ಟು ಹತ್ತಿರ ಹೋಗಿ, ತಲೆಯ ಮೇಲಿನ ಪೆಟ್ಟಿಗೆಯನ್ನು ಎರಡೂ ಕೈಯಿಂದ ಇಳಿಸಿದ. ಬೀಳಿಸಲಿಲ್ಲ. ಎಸೆಯಲಿಲ್ಲ. ಸಡಿಲಾಗಿದ್ದ ಕೊಂಡಿಯನ್ನು ಸಿಕ್ಕಿಸಿ, ಮುಚ್ಚಳದ ಮೇಲಿನ ಇಬ್ಬನಿಯನ್ನು ಸೊಂಟದ ವಸ್ತ್ರದಿಂದ ಒರೆಸಿ, ಪೆಟ್ಟಿಗೆಯನ್ನು ಮೇಲಕ್ಕೆ ಚಾಚಿದ. ಸಾಹೇಬರು ಏನಾಗುತ್ತಿದೆ ಎಂದು ತಿಳಿಯುವುದರೊಳಗೆ ಲಗಾಮು ಬಿಟ್ಟು ಅದನ್ನು ಅಪ್ಪಿ ಹಿಡಿದಿದ್ದರು. ಭಾರಕ್ಕೆ ಅವರ ಭುಜ ಜಗ್ಗಿತು.

"ನಿಮ್ಮದು ನಿಮಗ ಮುಟ್ಟಿತ್ರೀ ಸಾಹೇಬ್ರ," ಎಂದ ಓಬಳೆಪ್ಪ ಮೆಲ್ಲಗೆ, ದವಾಖಾನೆಯ ದಾರಿಗೆ ತಿರುಗುತ್ತ. "ಸಂಭಾಳಿಸಿ ಹಿಡೀರಿ."