ನೀಲಿ, ಕೆಂಪು, ಕೆಂಪು

ನಿವೃತ್ತಿಯಾದ ಟೀಚರು ಮನೆಯಲ್ಲಿ ತೆಪ್ಪಗಿರುತ್ತಾರೆ ಎಂದು ನಂಬಿದವರು ಹಗಲುಗನಸು ಕಾಣುವ ಜನ. ಅಕ್ಕ ಜೀವಮಾನವೆಲ್ಲ ಜೀವಶಾಸ್ತ್ರ ಪಾಠ ಹೇಳಿ ಮನೆ ಸೇರಿದವಳು, ಸೇರಿದ ವಾರದಲ್ಲೇ ಹಾಲಿನವನಿಗೆ ಜೀರ್ಣಾಂಗಗಳನ್ನು ವಿವರಿಸಿಬಿಟ್ಟಳು. ಮರುದಿನದಿಂದ ಅವನು ಪ್ಯಾಕೆಟ್ಟನ್ನು ಬಾಗಿಲಿಗೆ ಎಸೆದು ಓಡತೊಡಗಿದ. ಹೇಳುವುದು ಬೇಕಾದಷ್ಟಿದ್ದು ಕೇಳುವವರೇ ಇಲ್ಲದ ಸಂಕಟ ಅನುಭವಿಸಿದವರಿಗೇ ಗೊತ್ತು. ಅಂಥ ಹೊತ್ತಿನಲ್ಲಿ ತಮ್ಮನ ಕ್ಯಾಂಟೀನು ಕಷ್ಟಕ್ಕೆ ಸಿಕ್ಕಿಕೊಂಡದ್ದು ಅವಳ ಪುಣ್ಯ.

ಕ್ಯಾಂಟೀನಿನ ಊಟದ ಕೋಣೆ ಮೇಲೆ, ಅಡುಗೆಮನೆ ಕೆಳಗೆ ನೆಲಮಾಳಿಗೆಯಲ್ಲಿ. ಅಲ್ಲಿ ಹೊಗೆ ಎಳೆಯುವ ಫ್ಯಾನು ಲಾರಿಯ ಹಾಗೆ ಗುಡುಗುತ್ತಿತ್ತು. ಮೇಲಿನಿಂದ ಗಂಟಲು ಹರಿದುಕೊಂಡರೂ ಅಡುಗೆಯವನಿಗೆ ಕೇಳದು. ಚೀಟಿ ಬರೆದು ಇಳಿಬಿಟ್ಟರೆ ಹಬೆಗೆ ಮುದ್ದೆಯಾಗಿ ಯಾರದೋ ಸೂಪಿಗೆ ಬೀಳುತ್ತಿತ್ತು. ಅಕ್ಕ ಬಂದವಳೇ ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ನಾಲ್ಕು ಬಣ್ಣಗಳಲ್ಲಿ ತರಿಸಿದಳು. ಒಂದೊಂದು ತಿನಿಸಿಗೆ ಮೂರು ಕ್ಲಿಪ್ಪು ಹಗ್ಗಕ್ಕೆ ಸಿಕ್ಕಿಸಿ ರಾಟೆಯಲ್ಲಿ ಕೆಳಗೆ ಬಿಡುವ ಪದ್ಧತಿ ಮಾಡಿದಳು.

"ಇದು ನನ್ನ ಬುದ್ಧಿ ಅಲ್ಲ ಕಣೋ," ಎಂದಳು ತಮ್ಮನಿಗೆ. "ನಿನ್ನ ಮೈಯೊಳಗೆ ಒಂದೊಂದು ಜೀವಕೋಶಾನೂ ಹೀಗೇ ಅಡುಗೆ ಮಾಡುತ್ತೆ. ಇರೋದು ನಾಲ್ಕೇ ಅಕ್ಷರ, ಮೂರು ಮೂರು ಸೇರಿದ್ರೆ ಒಂದು ಮಾತು. ಅರವತ್ನಾಲ್ಕು ಮಾತಾಗುತ್ತೆ, ಬೇಕಾಗಿರೋ ಸಾಮಾನು ಮಾತ್ರ ಇಪ್ಪತ್ತು. ಅದಕ್ಕೇ ಒಂದೇ ಸಾಮಾನಿಗೆ ನಾಲ್ಕಾರು ಹೆಸರು. ಒಂದಕ್ಷರ ಕೆಟ್ರೂ ಎಷ್ಟೋ ಸಲ ಅದೇ ಸಾಮಾನು ಬರುತ್ತೆ, ಇಲ್ಲಾ ಅದರ ದಾಯಾದಿ ಬರುತ್ತೆ."

ಕ್ಲಿಪ್ಪಿನ ಲೆಕ್ಕವೂ ಹಾಗೇ. ಮೊದಲೆರಡು ಹಳದಿಯಾದರೆ ತರಕಾರಿ ಸೂಪು. ಮೂರನೆಯದು ಯಾವ ಬಣ್ಣವಾದರೂ ಚಿಂತೆಯಿಲ್ಲ. ಮೊದಲನೆಯದೇ ತಪ್ಪಿದರೆ ಟೊಮೆಟೊ ಸೂಪಿನ ಬದಲು ಕ್ಯಾರೆಟ್ ಸೂಪು ಬಂದೀತೇ ಹೊರತು ಹುರಿದ ಮೀನು ಬಾರದು. ಪಟ್ಟಿಯಲ್ಲಿದ್ದರೂ ಯಾರೂ ಕೇಳದ ಆಮ್ಲೆಟ್ಟಿಗೆ ಮಾತ್ರ ಒಂದೇ ಗುರುತು: ನೀಲಿ, ಕೆಂಪು, ಕೆಂಪು. 'ಇವತ್ತಿಗೆ ಸಾಕು, ಒಲೆ ಆರಿಸು' ಎನ್ನಲು ನೀಲಿ, ಹಸಿರು, ಹಸಿರು. ಆ ಹಸಿರುಗಳಲ್ಲಿ ಒಂದು ಕೆಂಪಾದರೂ ಅರ್ಥ ಅದೇ.

ವರ್ಷ ಕಳೆಯಿತು, ಒಂದು ದೂರೂ ಬರಲಿಲ್ಲ. ಕ್ಲಿಪ್ಪು ಸಿಕ್ಕಿಸುತ್ತಿದ್ದವನು ತಮ್ಮನ ಬಾಮೈದ. ಮೇಜುಗಳ ನಡುವೆ ಅವನು ಓಡುವ ಪರಿಗೆ ಎಲ್ಲರೂ ಅವನನ್ನು ಬಿರುಗಾಳಿ ಎಂದೇ ಕರೆಯುತ್ತಿದ್ದರು. ಅಕ್ಕ ದಿನಾ ಗಲ್ಲಾದ ಪಕ್ಕ ಕೂತು, ಕೇಳಿದವರಿಗೂ ಕೇಳದವರಿಗೂ ಜೀವಕೋಶದ ಮಹಿಮೆ ಹೇಳುತ್ತಿದ್ದಳು. ಊಟ ಮುಗಿಯುವ ತನಕ ಜನ ಎದ್ದು ಹೋಗುವಂತಿರಲಿಲ್ಲ, ಅವಳಿಗೆ ಅದಕ್ಕಿಂತ ಹೆಚ್ಚಿನ ಸ್ವರ್ಗವಿರಲಿಲ್ಲ.

ಈ ಸ್ವರ್ಗಕ್ಕೆ, ಆರ್ಡರನ್ನು ಒತ್ತಿ ಅಡುಗೆಮನೆಗೆ ಕಳಿಸುವ ಸ್ಕ್ರೀನ್ ಮಾರುವವನೊಬ್ಬ ಕಾಲಿಟ್ಟ. ಟೈ ಕಟ್ಟಿದವರು ಹೇಳಿದ್ದೆಲ್ಲ ತಮ್ಮನಿಗೆ ವೇದವಾಕ್ಯ.

"ಅಕ್ಕಾ, ಬೇಜಾರು ಮಾಡ್ಕೋಬೇಡ," ಎಂದ. "ಇವತ್ತು ಮಧ್ಯಾಹ್ನ ಇವರು ಇಲ್ಲೇ ಕೂತು ನೋಡ್ತಾರೆ. ಒಂದು ತಟ್ಟೆ ತಪ್ಪಿದ್ರೂ ಕ್ಲಿಪ್ಪೆಲ್ಲ ಬಟ್ಟೆ ಹಗ್ಗಕ್ಕೆ ವಾಪಸ್. ನೀನು ಮನೇಲಿ ಆರಾಮಾಗಿರು."

ಆರಾಮು ಎಂಬ ಮಾತಿಗೆ ಅಕ್ಕನ ಮೈ ಉರಿಯಿತು. ಆಮೇಲೆ ಭಯವಾಯಿತು, ನಿಜವಾಗಿಯೂ ಭಯವಾಯಿತು. ಮನೆಯಲ್ಲಿ ಅವಳ ಮಾತು ಕೇಳಲು ಗೋಡೆ ಬಿಟ್ಟರೆ ಯಾರಿದ್ದರು?

ಸ್ಕ್ರೀನ್ ಮಾರುವವನು ತರಕಾರಿ ಸೂಪು ಹೇಳಿದ, ಬಂತು. ಬ್ರೆಡ್ಡು ಹೇಳಿದ, ಬಂತು. ಮೀನು ಹೇಳಿದ, ಅದೂ ಬಂತು. ಅಕ್ಕ ಬೀಗಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಒಂದು ಆಮ್ಲೆಟ್," ಎಂದ ಅವನು.

ಕ್ಲಿಪ್ಪು ಕೆಳಗಿಳಿಯಿತು. ಸ್ವಲ್ಪ ಹೊತ್ತಿಗೆ ಫ್ಯಾನು ನಿಂತುಹೋಯಿತು. ಊಟದ ಹೊತ್ತಿನಲ್ಲಿ ಯಾರೂ ಕೇಳಿರದ ನಿಶ್ಶಬ್ದ ಕೋಣೆಯಲ್ಲಿ ತುಂಬಿತು. ಅಡುಗೆಯವನು ಚೀಲ ಹೆಗಲಿಗೇರಿಸಿಕೊಂಡು ಮೆಟ್ಟಿಲು ಹತ್ತಿ ಬಂದ. "ಒಲೆ ಆರಿಸಿದೀನಿ ಯಜಮಾನ್ರೇ. ಇವತ್ತೇನು, ಇಷ್ಟು ಬೇಗ ಮುಗೀತು?" ಎಂದ. ಮೇಜುಗಳ ತುಂಬ ಜನ ಚಮಚ ಹಿಡಿದು, ಬಾಯಿ ಬಿಟ್ಟುಕೊಂಡು ಕೂತಿದ್ದರು.

ಅಕ್ಕ ಹಗ್ಗ ಎಳೆದು ನೋಡಿದಳು. ನೀಲಿ, ಹಸಿರು, ಹಸಿರು.

"ಯಾರೋ ಇದನ್ನ ಸಿಕ್ಕಿಸಿದ್ದು?"

"ಕೆಂಪೇ ಅಲ್ವಾ ಅಕ್ಕಾ ಅದು?" ಎಂದ ಬಿರುಗಾಳಿ. ಅಕ್ಕ ದುರುಗುಟ್ಟಿದಳು. ಅವನ ಮುಖ ಸಣ್ಣದಾಯಿತು. "ನನಗೆ ಕೆಂಪು, ಹಸಿರು ಎರಡೂ ಒಂದೇ ತರ ಕಾಣುತ್ತೆ. ಹುಟ್ಟಿದಾಗಿಂದಲೂ ಹಾಗೇ. ಹೇಳಿದ್ರೆ ಕೆಲಸದಿಂದ ತೆಗೀತೀರಿ ಅಂತ ಅಂದಾಜಿನ ಮೇಲೆ ಸಿಕ್ಕಿಸ್ತಿದ್ದೆ."

"ಒಂದು ವರ್ಷದಿಂದ?"

"ಹೂಂ."

ತಮ್ಮ ಹಣೆ ಚಚ್ಚಿಕೊಂಡ. ಆದರೆ ಅಕ್ಕನ ಮುಖ ಅರಳಿತು. ಅವಳು ಬಿರುಗಾಳಿಯನ್ನು ಎಲ್ಲರೆದುರೇ ಬಾಚಿ ತಬ್ಬಿಕೊಂಡಳು. "ಕೇಳಿದ್ಯೇನೋ! ವರ್ಷವಿಡೀ ಇವನು ಕಣ್ಣು ಮುಚ್ಚಿಕೊಂಡವನ ಹಾಗೆ ತಪ್ಪು ಮಾಡಿದಾನೆ, ಒಂದು ನರಪಿಳ್ಳೆಗೂ ಗೊತ್ತಾಗಿಲ್ಲ! ಅದೇ ನೋಡು ಪದ್ಧತಿ ಅಂದ್ರೆ!"

"ಗೊತ್ತಾಗದೇ ಏನು? ನಾನು ದಿನಾ ಟೊಮೆಟೊ ಸೂಪೇ ಕುಡಿದಿದೀನಿ," ಎಂದ ತಮ್ಮ.

"ನಿನ್ನೆ ಕುಡಿದಿದ್ದು ಕ್ಯಾರೆಟ್ಟು," ಎಂದ ಅಡುಗೆಯವನು. "ಮೊನ್ನೇನೂ. ಆಮೇಲೆ ಯಜಮಾನ್ರೇ, ಸಂಜೆ ಮುಚ್ಚೋ ಹೊತ್ತಿಗೆ ಎಷ್ಟೋ ಸಲ ಆಮ್ಲೆಟ್ಟಿನ ಗುರುತು ಬರ್ತಿತ್ತು. ಮಾಡಿಟ್ರೆ ಯಾರೂ ಕೇಳ್ತಿರಲಿಲ್ಲ. ನೀವು ಪ್ರೀತಿಯಿಂದ ನನಗೇ ಕಳಿಸ್ತೀರಿ ಅಂತ ತಿಂದುಬಿಡ್ತಿದ್ದೆ." ಅವನ ಹೊಟ್ಟೆ ಆ ಮಾತಿಗೆ ಸಾಕ್ಷಿಯಾಗಿ ಎದುರಿಗೇ ಇತ್ತು.

"ಜೀವಕೋಶಕ್ಕೂ ಇದೇ ತೊಂದರೆ," ಎಂದಳು ಅಕ್ಕ. "ಬೇರೆ ತಪ್ಪುಗಳನ್ನ ಬಹಳಷ್ಟು ತಾಳಿಕೊಳ್ಳುತ್ತೆ. ನಡುವೆ 'ನಿಲ್ಲಿಸು' ಅಂತ ಬಂದ್ರೆ ಮಾತ್ರ ಅರ್ಧಕ್ಕೇ ಬಿಟ್ಟು ಏಳುತ್ತೆ."

"ಪಾಠ ಆಮೇಲೆ," ಎಂದು ಸ್ಕ್ರೀನ್ ಮಾರುವವನು ಗೆದ್ದವನ ಗತ್ತಿನಲ್ಲಿ ಪೆಟ್ಟಿಗೆ ಬಿಚ್ಚಿದ. ಕೋಣೆಯಲ್ಲಿದ್ದವರ ಆರ್ಡರನ್ನೆಲ್ಲ ಕೇಳಿ ಕೇಳಿ ಸ್ಕ್ರೀನಿನ ಮೇಲೆ ಕುಟ್ಟಿದ. ಆಮೇಲೆ ಅದನ್ನು ಬಿರುಗಾಳಿಯ ಕೈಗಿತ್ತ. "ಎಷ್ಟು ಸುಲಭ ನೋಡಿ. ಹಸಿರು ಒತ್ತಿದ್ರೆ ಎಲ್ಲಾ ಅಡುಗೆಮನೆಗೆ ಹೋಗುತ್ತೆ. ಕೆಂಪು ಒತ್ತಿದ್ರೆ ಎಲ್ಲಾ ರದ್ದು."

ಬಿರುಗಾಳಿ ಅತ್ತ ನೋಡಿದ, ಇತ್ತ ನೋಡಿದ, ದೇವರ ಮೇಲೆ ಭಾರ ಹಾಕಿ ಒತ್ತಿದ. ಎಲ್ಲಾ ರದ್ದಾಯಿತು.

ಹಸಿದ ಜನ ಹೋ ಎಂದರು. ತಮ್ಮ ಸ್ಕ್ರೀನನ್ನು ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯನ್ನು ಅದರ ಯಜಮಾನನ ಕಂಕುಳಿಗೆ ಸಿಕ್ಕಿಸಿ, ಬಾಗಿಲ ತನಕ ಬಿಟ್ಟು ಬಂದ. ಅಡುಗೆಯವನು ಗೊಣಗುತ್ತ ಮತ್ತೆ ಒಲೆ ಹಚ್ಚಲು ಹೋದ.

ತಮ್ಮ ಅಕ್ಕನ ಎದುರು ಬಂದು ತಲೆ ಕೆರೆದುಕೊಂಡ. "ಕ್ಲಿಪ್ಪು ಇರಲಿ, ಇವನೂ ಇರಲಿ. ಒಲೆ ಆರಿಸೋ ಗುರುತು ಮಾತ್ರ ಬೇಡ ಅಕ್ಕಾ. ಮುಚ್ಚೋ ಹೊತ್ತಿಗೆ ನೀನೇ ಕೆಳಗಿಳಿದು ಹೇಳು."

"ದಿನಾನಾ?"

"ದಿನಾನೇ. ನೀನು ಬರದೇ ಹೋದ್ರೆ ಈ ಕ್ಯಾಂಟೀನು ಮುಚ್ಚೋದು ಹೇಗೆ?"

ಅಕ್ಕನ ಕಣ್ಣು ತುಂಬಿ ಬಂತು. ಅದನ್ನು ತಮ್ಮನಿಗೆ ತೋರಿಸಿದರೆ ಅವಳೆಂಥ ಟೀಚರು! ಗೋಡೆಯ ಕಡೆ ತಿರುಗಿ, "ನೋಡೋಣ, ನನಗೂ ಮನೇಲಿ ಬೇಕಾದಷ್ಟು ಕೆಲಸ ಇರುತ್ತೆ," ಎಂದಳು.