ಲೋಬೊ ಪೊರ್ಬುಗಳ ದೋಣಿಯ ಗಾಳಿಚೀಲ

ನಾನು ಒಂದು ಗಾಳಿಚೀಲ. ಹಾಗೆಂದರೆ ಹೆಚ್ಚಿನವರಿಗೆ ತಿಳಿಯುವುದಿಲ್ಲ. ಕಣ್ಣಾರೆ ಕಂಡವರೂ ನನ್ನನ್ನು ಒಣಗಲು ಹಾಕಿದ ಪಾಯಿಜಾಮ ಎಂದುಕೊಂಡದ್ದುಂಟು. ಹಾಯಿದೋಣಿಯನ್ನು ದಡದ ದಕ್ಕೆಗೆ ಕಟ್ಟಿ ನಿಲ್ಲಿಸಿದಾಗ ಅದರ ಕ್ಯಾಬಿನ್ನಿನೊಳಗೆ ಗಾಳಿ ತಾನಾಗಿ ಹೋಗುವುದಿಲ್ಲ. ಚಾವಣಿಯ ಕಿಂಡಿ ತೆರೆದು, ಅದರ ಮೇಲೆ ನನ್ನನ್ನು ಹಗ್ಗದಿಂದ ಎತ್ತಿ ಕಟ್ಟಿ, ಬಾಯನ್ನು ಗಾಳಿ ಬೀಸುವ ಕಡೆಗೆ ತಿರುಗಿಸಬೇಕು. ಆಗ ನಾನು ಗಾಳಿಯನ್ನು ಹಿಡಿದು ಕೆಳಗಿಳಿಸುತ್ತೇನೆ. ಒಳಗಿನ ಹಳಸಿದ ಗಾಳಿ ಹಿಂಬಾಗಿಲಿನಿಂದ ಹೊರಟುಹೋಗುತ್ತದೆ.

ಮಂಗಳೂರಿನ ಬಂದರಿನಲ್ಲಿ ಟರ್ಪಾಲು ಹೊಲಿಯುವ ಹಸನಬ್ಬ ಹರಿದ ಹಾಯಿಯೊಂದರ ಗಟ್ಟಿ ಭಾಗ ಕತ್ತರಿಸಿ ನನ್ನನ್ನು ಮಾಡಿದರು. ಮಾಡಿಸಿದವನು ದೋಣಿಯ ಮೊದಲ ಯಜಮಾನ, ದೂರದ ದೇಶದಿಂದ ಒಬ್ಬನೇ ಹಾಯಿ ಬಿಚ್ಚಿಕೊಂಡು ಬಂದಿದ್ದ ಕೆಂಪು ಗಡ್ಡದವನು. ಹಸನಬ್ಬ ಸೂಜಿಗೆ ದಾರ ಹಾಕುವ ಮೊದಲೇ ಕೇಳಿದರು:

"ಇದರೊಳಗೆ ಎಂತ ತುಂಬುದು?"

"ಗಾಳಿ" ಎಂದ ಅವನು, ತನಗೆ ಬರುತ್ತಿದ್ದ ನಾಲ್ಕು ಕನ್ನಡ ಪದಗಳಲ್ಲಿ ಒಂದನ್ನು ಬಳಸಿ.

"ಬರೀ ಗಾಳಿಯಾ?" ಹಸನಬ್ಬ ನಂಬಲಿಲ್ಲ. ಕಳ್ಳಮಾಲು ಸಾಗಿಸುವ ಚೀಲವೇ ಇರಬೇಕೆಂದು ಹೊಲಿಗೆಯ ಉದ್ದಕ್ಕೂ ಗೊಣಗುತ್ತಿದ್ದರು. ಹುಟ್ಟುವಾಗಲೇ ನನಗೆ ಅನುಮಾನದ ಸೋಂಕು ತಗಲಿತ್ತು.

ಎರಡು ವರ್ಷದ ನಂತರ ಕೆಂಪು ಗಡ್ಡದವನು ಕಾಯಿಲೆ ಬಿದ್ದು ಊರಿಗೆ ಹೊರಟಾಗ ದೋಣಿಯನ್ನು ಬೊನವೆಂಚರ್ ಲೋಬೊ ಎಂಬವರು ಕೊಂಡರು. ಮೂವತ್ತು ವರ್ಷ ಸರಕು ಹಡಗುಗಳಲ್ಲಿ ಚೀಫ್ ಕುಕ್ ಆಗಿದ್ದು ನಿವೃತ್ತರಾದವರು. ಮನೆಯಲ್ಲಿ ಒಬ್ಬರೇ. ಆ ದೋಣಿಯ ಪುಟ್ಟ ಒಲೆಯ ಮುಂದೆ ಅಡುಗೆ ಮಾಡಿಕೊಂಡು ಹಗಲು ಕಳೆಯುವುದು ಅವರ ಆಸೆ.

ಲೋಬೊ ಯಾರನ್ನೂ ನಂಬುತ್ತಿರಲಿಲ್ಲ. ಬಾಗಿಲಿಗೆ ಎರಡು ಬೀಗ, ಕಿಂಡಿಗೆ ಒಂದು. ನನ್ನನ್ನು ಮೊದಲ ಸಲ ಕೈಗೆತ್ತಿಕೊಂಡಾಗ ಹಿಂದೆ ಮುಂದೆ ತಿರುಗಿಸಿ ನೋಡಿ, "ಕಿಂಡಿ ತೆರೆದಿಡಬೇಕಂತೆ! ಕಳ್ಳ ಇಳಿಯಲಿಕ್ಕೆ ಒಳ್ಳೆ ದಾರಿ" ಎಂದು ಮೂಲೆಗೆ ಎಸೆದರು.

ದೋಣಿ ನೋಡಿಕೊಳ್ಳಲು ಅವರು ಗೊತ್ತು ಮಾಡಿದ್ದು ಬಾಗಿಯಕ್ಕನನ್ನು. ಆಕೆ ಅದೇ ದಕ್ಕೆಯಲ್ಲಿ ಕೂತು ಬಲೆ ಹೆಣೆಯುವ ಮೊಗವೀರ ಹೆಂಗಸು. ವಯಸ್ಸು ಐವತ್ತು ದಾಟಿತ್ತು, ಮಾತು ನೇರ. ಮೊದಲ ದಿನವೇ ಬಾಗಿಲಲ್ಲಿ ನಿಂತು ಸೆರಗನ್ನು ಮೂಗಿಗೆ ಹಿಡಿದಳು.

"ಪೊರ್ಬುಗಳೇ, ಒಳಗೆ ಮುಗ್ಗಲು ವಾಸನೆ ಉಂಟು. ಗಾಳಿ ಆಡಬೇಕು." ಆ ಕಡೆಯ ಜನ ಕ್ರೈಸ್ತ ಯಜಮಾನರನ್ನು ಕರೆಯುವುದು ಹಾಗೆ.

"ನನಗೆ ಎಂತದೂ ಬರುದಿಲ್ಲವಲ್ಲ?"

"ನೆಗಡಿಯಾ ನಿಮಗೆ?"

"ನೆಗಡಿಯೂ ಇಲ್ಲ, ಎಂತದೂ ಇಲ್ಲ. ನಿನಗೆ ಒಳಗೆ ಹೋಗಲಿಕ್ಕೆ ಒಂದು ನೆಪ ಬೇಕು, ಅಷ್ಟೇ."

ಆದರೂ ಹಾಸಿಗೆಯ ಅಡಿಯಲ್ಲಿ ಕರಿ ಬೂಷ್ಟು ಕಂಡಾಗ ಅವರು ಸೋತರು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ನನ್ನನ್ನು ಕಟ್ಟಲು ಒಪ್ಪಿ, ಒಳಗೆ ಮಾತ್ರ ಇಳಿಯಬಾರದೆಂದು ಹೇಳಿ ಬಾಗಿಯಕ್ಕನಿಗೆ ಕೀಲಿಕೈ ಕೊಟ್ಟರು. ಹಾಗೆ ನಾನು ಮೇಲೇರಿದೆ. ನದಿಯ ಕಡೆಯಿಂದ ಬರುವ ಗಾಳಿಯಲ್ಲಿ ಹೊಟ್ಟೆ ಉಬ್ಬಿಸಿ ನಿಂತಾಗ ಕಿಂಡಿಯ ಮೂಲಕ ಇಡೀ ಕ್ಯಾಬಿನ್ ನನಗೆ ಕಾಣುತ್ತಿತ್ತು.

ಒಂದು ದಿನ ಲೋಬೊ ಒಬ್ಬರೇ ಕೂತು ಒಣ ಸಿಗಡಿಯ ಡಬ್ಬಿ ತೆರೆದರು. ಮೂಗಿಗೆ ಹಿಡಿದು ಉದ್ದಕ್ಕೆ ಉಸಿರೆಳೆದರು. ಮತ್ತೆ ಮಸಾಲೆ ಡಬ್ಬಿ. ಮತ್ತೆ ಕಾಫಿ ಪುಡಿ. ಮತ್ತೆ ಸಿಗಡಿ. ಕೊನೆಗೆ ಮುಚ್ಚಳ ಹಾಕಿ ಡಬ್ಬಿಗಳನ್ನೆಲ್ಲ ಮತ್ತೆ ಸಾಲಾಗಿ ಇಟ್ಟರು. ಅವರಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಅಡುಗೆಯಲ್ಲಿ ಹೆಸರು ಮಾಡಿದ ಮನುಷ್ಯ ಅದನ್ನು ಯಾರ ಮುಂದೆ ಹೇಳಿಕೊಳ್ಳಬೇಕು? ವಾಸನೆಯ ಮಾತೆತ್ತಿದವರೆಲ್ಲ ತನ್ನನ್ನು ಪರೀಕ್ಷಿಸುತ್ತಿದ್ದಾರೆ ಎಂದೇ ಅವರಿಗೆ ಅನಿಸುತ್ತಿತ್ತು.

ಒಂದು ಬೆಳಿಗ್ಗೆ ಅವರು ಕ್ಯಾಬಿನ್ನಿನ ನೆಲಕ್ಕೆ ತೆಳ್ಳಗೆ ಪೌಡರು ಉದುರಿಸಿ ಹೋದರು. ಸಂಜೆ ಬಂದು ಬಗ್ಗಿ ನೋಡಿದರೆ ಹೆಜ್ಜೆ ಗುರುತುಗಳು, ಸ್ಪಷ್ಟವಾಗಿ.

"ಒಳಗೆ ಹೋಗಿದ್ದೆಯಾ?"

"ಹೋಗಿದ್ದೆ. ದಕ್ಕೆಯಲ್ಲಿ ಬೆಂಕಿಯಂಥಾ ಬಿಸಿಲು. ಕೆಳಗೆ ಗಾಳಿ ಒಳ್ಳೆದುಂಟು, ಅರ್ಧ ಗಂಟೆ ಅಡ್ಡಾದೆ" ಎಂದಳು ಬಾಗಿಯಕ್ಕ, ಕಣ್ಣು ತಪ್ಪಿಸದೆ. "ಮತ್ತೆ ಆ ಗ್ಯಾಸಿನ ಪೈಪು ಬಿರುಕು ಬಿಟ್ಟಿದೆ. ಬದಲಿಸಿ."

"ಪೈಪಿನ ಅಂಗಡಿಯವನು ನಿನ್ನ ನೆಂಟನಾ?"

ನಾನು ಎಲ್ಲ ನೋಡಿದ್ದೆ. ನಿಜ ಹೇಳಬೇಕೆಂದರೆ ನನಗೂ ಅವಳ ಮೇಲೆ ಸಂಶಯವಿತ್ತು. ಅವಳ ಕೈಗಳನ್ನೇ ಕಾದು ನೋಡಿದ್ದೆ. ಆಕೆ ಹಾಸಿಗೆಯನ್ನೂ ಮುಟ್ಟದೆ ಬರಿ ಹಲಗೆಯ ಮೇಲೆ ಮಲಗಿದ್ದಳು. ಮುಟ್ಟಿದ್ದು ಒಲೆಯ ಪೈಪನ್ನು ಮಾತ್ರ, ಮೂಸಿ ನೋಡಲು. ಆದರೆ ಬಟ್ಟೆಯ ಸಾಕ್ಷಿ ಕೇಳುವವರು ಯಾರು? ಲೋಬೊ ಕೀಲಿಕೈ ಕಸಿದುಕೊಂಡರು. ಕಿಂಡಿ ಮುಚ್ಚಿತು. ನನ್ನನ್ನು ಮಡಚಿ ಮೆಟ್ಟಿಲ ಪಕ್ಕದ ಜಾಲರಿ ಬಾಗಿಲಿನ ಪೆಟ್ಟಿಗೆಗೆ ತುರುಕಿದರು.

ಆಮೇಲೆ ಲೋಬೊ ಹದಿನೈದು ದಿನ ಈ ಕಡೆ ಬರಲಿಲ್ಲ. ಏಪ್ರಿಲ್ ಸೆಕೆಯಲ್ಲಿ ಮರ ಬೆವೆತಿತು. ನನ್ನ ಮೈಮೇಲೆ ಕಪ್ಪು ಚುಕ್ಕೆಗಳೆದ್ದವು. ಕೊನೆಯ ಮೂರು ದಿನ ಕೆಳಗಿನ ಗಾಳಿ ಬೇರೆಯೇ ಆಗಿತ್ತು. ಭಾರವಾಗಿ, ನೀರಿನ ಹಾಗೆ ತಳದಲ್ಲಿ ನಿಂತು, ನಿಧಾನವಾಗಿ ಮೇಲೇರುತ್ತಿತ್ತು. ಗಾಳಿಯ ಕೆಲಸ ಮಾಡಿದ ನನಗೆ ಅದು ಗಾಳಿಯಲ್ಲವೆಂದು ತಿಳಿಯಿತು. ಹೇಳಲು ಬಾಯಿಲ್ಲ.

ಹದಿನಾರನೆಯ ದಿನ ಹನ್ನೊಂದು ಗಂಟೆಗೆ ಲೋಬೊ ಹಸಿ ಸಿಗಡಿ ತಂದು ಬೀಗ ತೆಗೆದರು. ಒಲೆಯ ಪಕ್ಕ ಚೀಲವಿಟ್ಟು ಬೆಂಕಿಪೊಟ್ಟಣ ಕೈಗೆತ್ತಿಕೊಂಡರು. ಹೊರಗೆ ದಕ್ಕೆಯ ಮೇಲೆ ಮುಖ ತಿರುಗಿಸಿ ಬಲೆ ಹೆಣೆಯುತ್ತಿದ್ದ ಬಾಗಿಯಕ್ಕ ಒಮ್ಮೆಲೇ ತಲೆಯೆತ್ತಿದಳು.

"ಪೊರ್ಬುಗಳೇ! ಕಡ್ಡಿ ಗೀರಬೇಡಿ! ಗ್ಯಾಸು!"

"ಇದು ಹೊಸ ನೆಪವಾ?" ಲೋಬೊ ಕಡ್ಡಿ ಹೊರತೆಗೆದರು.

ಆಕೆ ಬಲೆ ಬಿಸುಟು ಎದ್ದಳು. ಮಗ್ಗುಲಲ್ಲಿದ್ದ ನೀರಿನ ಬಕೆಟ್ ಎತ್ತಿಕೊಂಡು ದೋಣಿಗೆ ಹಾರಿ, ಬಾಗಿಲಿನಿಂದಲೇ ಅವರ ಮೇಲೆ ಸುರಿದಳು. ಪೊಟ್ಟಣ ಒದ್ದೆಯಾಗಿ ಕೆಳಗೆ ಬಿತ್ತು.

"ಹುಚ್ಚು ಹಿಡಿದಿದೆಯಾ ನಿನಗೆ?"

"ನಿಮಗೆ ಮೂಗಿಲ್ವಾ? ಮೂಸಿ ನೋಡಿ!"

ಲೋಬೊ ಅವಳ ಮುಖ ನೋಡಿದರು. ಅಲ್ಲಿ ನೆಪವಿರಲಿಲ್ಲ. ಅವರ ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇಲ್ಲ" ಎಂದರು.

"ಎಂತ ಇಲ್ಲ?"

"ಮೂಗು. ಒಂದು ಜ್ವರ ಬಂತಲ್ಲ, ಆಮೇಲೆ ಎಂತದೂ ವಾಸನೆ ಗೊತ್ತಾಗುದಿಲ್ಲ. ಯಾರಿಗೂ ಹೇಳಲಿಲ್ಲ ಬಾಗಿ."

"ಹೇಳುದಲ್ವಾ ಮಾರಾಯ್ರೇ! ಮೊದಲು ಹೊರಗೆ ಬನ್ನಿ!"

ಆದರೆ ಹಡಗಿನ ಅಡುಗೆಯವನಿಗೆ ಗ್ಯಾಸಿನ ಗುಣ ಗೊತ್ತಿತ್ತು. ಅವರು ಉಸಿರು ಬಿಗಿಹಿಡಿದು ಸಿಲಿಂಡರು ಮುಚ್ಚಿದರು, ಕಿಂಡಿ ತೆರೆದರು, ನನ್ನನ್ನು ಎಳೆದುಕೊಂಡು ಮೇಲೆ ಬಂದರು. "ಅದು ತಳದಲ್ಲಿ ನಿಂತಿರುತ್ತದೆ. ಮೇಲಿನಿಂದ ಗಾಳಿ ನುಗ್ಗಿಸಬೇಕು. ಹಗ್ಗ ಹಿಡಿ!" ಇಬ್ಬರೂ ಸೇರಿ ನನ್ನನ್ನು ಕಟ್ಟಿದರು. ನಾನು ಅಂದು ಹಿಡಿದಷ್ಟು ಗಾಳಿಯನ್ನು ಮತ್ತೆಂದೂ ಹಿಡಿದಿಲ್ಲ.

ಕಾಲು ಗಂಟೆಗೊಮ್ಮೆ ಬಾಗಿಯಕ್ಕ ಬಾಗಿಲಲ್ಲಿ ಬಗ್ಗಿ ಮೂಸುತ್ತಿದ್ದಳು. "ಇನ್ನೂ ಉಂಟು." ಮತ್ತೆ, "ಉಂಟು, ಸ್ವಲ್ಪ." ಪ್ರತಿ ಸಲವೂ ಲೋಬೊ "ಖಂಡಿತವಾ?" ಎಂದು ಕೇಳುತ್ತಿದ್ದರು. ಮೂರು ಗಂಟೆಯ ಮೇಲೆ ಆಕೆ "ಹೋಯಿತು" ಎಂದಾಗ ಮಾತ್ರ ಕೇಳಲಿಲ್ಲ. ಕೀಲಿಕೈಯನ್ನು ಅವಳ ಬಲೆಯ ಮೇಲಿಟ್ಟು, ಹೊಸ ಪೈಪು ತರಲು ಒದ್ದೆ ಅಂಗಿಯಲ್ಲೇ ಪೇಟೆಗೆ ನಡೆದರು.

ಮುಂದೆ ನಾಲ್ಕು ವರ್ಷ ಆ ಕಿಂಡಿಯ ಮೇಲೆ ನಿಂತೆ. ಉಪ್ಪು, ಬಿಸಿಲು ಸೇರಿ ನನ್ನ ಹೊಲಿಗೆಗಳನ್ನು ಬಿಡಿಸಿದವು. ಈಗ ಅಲ್ಲಿ ನೈಲಾನಿನ ಹೊಸದೊಂದು ಇದೆ. ನಾನು ಕ್ಯಾಬಿನ್ನಿನ ಹಲಗೆಯ ಮೇಲೆ ಮಡಚಿ ಬಿದ್ದಿದ್ದೇನೆ. ಬಾಗಿಯಕ್ಕ ಮಧ್ಯಾಹ್ನ ತಲೆಯಿಡಲು ಬಳಸುತ್ತಾಳೆ. ಮುಚ್ಚಿಟ್ಟ ಜಾಗದಲ್ಲಿ ಏನು ಸೇರಿಕೊಂಡಿದೆಯೆಂದು ಮುಚ್ಚಿದವರಿಗೇ ಎಲ್ಲರಿಗಿಂತ ಕೊನೆಗೆ ತಿಳಿಯುವುದು ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ.

ನಿನ್ನೆ ಲೋಬೊ ಸಿಗಡಿ ಸಾರಿಗೆ ಒಗ್ಗರಣೆ ಇಟ್ಟಿದ್ದರು. ಬಾಗಿಯಕ್ಕ ಕಣ್ಣು ಮುಚ್ಚಿಕೊಂಡೇ, "ಬೆಳ್ಳುಳ್ಳಿ ಸೀದಿತು" ಎಂದಳು. ಲೋಬೊ ಬಾಣಲೆ ನೋಡಿದರು, ಅವಳನ್ನು ನೋಡಿದರು, ಮತ್ತೆ ಬಾಣಲೆ ನೋಡಿದರು. ಬೆಳ್ಳುಳ್ಳಿ ಕಣ್ಣಿಗೆ ಹೊಂಬಣ್ಣವಾಗಿಯೇ ಇತ್ತು. ಅವರು ಅದನ್ನು ಹೊರಗೆ ಚೆಲ್ಲಿ, ಬಾಣಲೆ ಒರೆಸಿ, ಹೊಸ ಎಣ್ಣೆ ಹಾಕಿದರು.