ಮೈಲವ್ವ ಮುಚ್ಚಿದ ತೂತುಗಳು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ನಮ್ಮ ಕುಪ್ಪೇಲೂರಿಗೆಲ್ಲ ಗೊತ್ತು. ಆದರೆ ಎಂಬತ್ತೇಳರ ಆ ಸೋಮವಾರದ ಸಿಟ್ಟಿಗೆ ಕಾರಣವಿತ್ತು.

ಗುತ್ತಲದಿಂದ ನನ್ನನ್ನು ನೋಡಲು ಬರುವವರಿದ್ದರು. ಹುಡುಗ ಡಾಕಪ್ಪ, ರೇಡಿಯೋ ರಿಪೇರಿಯವನು. ರಾಣೇಬೆನ್ನೂರು ಬಸ್‌ಸ್ಟ್ಯಾಂಡಿನಲ್ಲಿ ಎರಡು ಸಲ ಕಂಡಿದ್ದೆ, ಬಹಳ ಹಿಡಿಸಿದ್ದ. ಅವನ ತಾಯಿ ಶೇಖವ್ವ ಮಾತ್ರ ಗಟ್ಟಿ ಹೆಂಗಸು. ಹಾಡು ಬೇಡ, ಹಪ್ಪಳ ಬೇಡ, ಹುಡುಗಿಯ ಕೈಕೆಲಸ ತೋರಿಸಿರಿ ಎಂದು ಮೊದಲೇ ಹೇಳಿ ಕಳಿಸಿದ್ದಳು.

ಅದಕ್ಕೆಂದೇ ಮೂರು ತಿಂಗಳು ಕೂತು, ಸಣ್ಣೆಳೆಯ ಬಿಳಿ ಉಲ್ಲನ್ನಿನಲ್ಲಿ ಜಾಲರಿ ಶಾಲು ಹೆಣೆದಿದ್ದೆ. ಸೂಜಿಗೆ ಎಳೆಯನ್ನು ಒಂದು ಸುತ್ತು ಹೆಚ್ಚು ಹಾಕಿದರೆ ಒಂದು ತೂತು. ತೂತು ಕೂಡಿ ಎಲೆ, ಎಲೆ ಕೂಡಿ ಬಳ್ಳಿ.

ಟೇಲರ್ ಹತ್ತಿರ ಕುಪ್ಪಸ ತರಲು ಹೋಗಿ ಬರುವಷ್ಟರಲ್ಲಿ, ಅಜ್ಜಿ ಮೈಲವ್ವ ಶಾಲನ್ನು ತೊಡೆಯ ಮೇಲೆ ಹರವಿಕೊಂಡು ಕೂತಿದ್ದಳು. ಕೈಯಲ್ಲಿ ಕೌದಿ ಸೂಜಿ, ಕೆಂಪು ದಾರ. ಹಳೆ ಸೀರೆಗೆ ತೇಪೆ ಹಾಕಿ ಊರಿಗೆಲ್ಲ ಕೌದಿ ಹೊಲಿದ ಕೈ ಅದು. ತೂತು ಕಂಡರೆ ಸುಮ್ಮನಿರುತ್ತದೆಯೇ?

“ಅಜ್ಜೀ, ಏನ್ ಮಾಡಾಕತ್ತೀದಿ?”

“ಒದರಬ್ಯಾಡ. ಬೀಗರಿಗೆ ತೂತಿನ ಶಾಲು ತೋರಸ್ತಾರೇನ? ಒಂದ ತುದಿ ಮುಚ್ಚೇನಿ. ಉಳದದ್ದೂ ಲಗೂನ ಮುಚ್ತೇನಿ.”

ಹೊಲಿಗೆ ಬಿಚ್ಚಲು ಹೋದರೆ ಉಲ್ಲನ್ನೇ ಹರಿಯುತ್ತಿತ್ತು. ಗೊಳೋ ಎಂದು ಅತ್ತುಬಿಟ್ಟೆ. ಅಷ್ಟರಲ್ಲಿ ಬೀಗರು ಬಂದೇಬಿಟ್ಟರು.

ಶೇಖವ್ವ ಶಾಲು ಬಿಡಿಸಿದಳು. ಒಂದು ತುದಿ ಬಿಳಿ ಬಳ್ಳಿ, ಇನ್ನೊಂದು ತುದಿ ಕೆಂಪು ಹೊಲಿಗೆ.

“ಈ ಕೆಂಪು ಯಾರ ಕೆಲಸರಿ?”

“ನಂದರಿ,” ಎಂದಳು ಅಜ್ಜಿ, ಹೆಮ್ಮೆಯಿಂದ. “ಹುಡುಗಿ ಅಲ್ಲಲ್ಲಿ ಎಳಿ ತಪ್ಪಸ್ಯಾಳ. ನಿಮ್ಮನಿಗೆ ಬಂದು ಚಳಿಗೆ ನಡಗಬಾರದಲ್ಲರಿ?”

“ತಪ್ಪಸಿಲ್ಲರಿ! ಒಂದೊಂದು ತೂತೂ ಎಣಿಸಿ ಬಿಟ್ಟೇನಿ!” ನಾನು ಚೀರಿದೆ.

ಹೆಣ್ಣು ನೋಡಲು ಬಂದವರೆದುರು ಹೆಣ್ಣೇ ಚೀರಿತ್ತು. ಡಾಕಪ್ಪ ಫಕ್ಕನೆ ನಕ್ಕ.

ಶೇಖವ್ವ ನನ್ನನ್ನು ದಿಟ್ಟಿಸಿ ನೋಡಿದಳು. “ಈಕಿಗೆ ಕೈಯೂ ಐತಿ, ಬಾಯೂ ಐತಿ. ನನ್ನ ಮಗಗ ಕೈ ಅಷ್ಟ ಐತಿ. ಸರಿಹೋತು ಬಿಡ್ರಿ. ಉಳದ ತೂತು ಮಾತ್ರ ಮುಚ್ಚಬ್ಯಾಡ್ರಿ, ಯವ್ವಾ.”

ಗುತ್ತಲಕ್ಕೆ ಬಂದು ಎಂಟು ವರ್ಷವಾಯಿತು. ಅಜ್ಜಿ ಈಗಿಲ್ಲ. ಹೊಳೆ ಕಡೆಯ ಗಾಳಿ ಬೀಸಿದ ದಿನ ಶಾಲು ಹೊದೆಯುತ್ತೇನೆ. ಬಳ್ಳಿಯ ತುದಿಯನ್ನು ಊರಿಗೆ ಕಾಣಲೆಂದು ಬೆನ್ನ ಮೇಲೆ ಬಿಡುತ್ತೇನೆ. ಕಿವಿಗೆ ಮಾತ್ರ ಅಜ್ಜಿ ಮುಚ್ಚಿದ ತುದಿ. ಮುದುಕಿ ಹೇಳಿದ್ದು ಖರೇ, ಅದೇ ಬೆಚ್ಚಗಿರುತ್ತದೆ.